ಪಾರಿಭಾಷಿಕ ಶಬ್ದವೂ ಪರೀಕ್ಷಾಮಾರ್ಗವೂ

ವಿಜ್ಞಾನವು ಕನ್ನಡದಲ್ಲಿ ನೆಲಸಬೇಕಾದರೆ ಮೊದಲು ಪರಿಭಾಷೆಯು ಸಿದ್ಧವಾಗಬೇಕೆಂಬುದು ಬಹುಕಾಲದಿಂದ ಕೇಳಿಬರುವ ಮಾತು. ಆದರೆ ಪರಿಭಾಷೆಯ ಗುಣದೋಷಗಳಿಗೆ ಒರೆಗಲ್ಲು ಯಾವುದು? ಶಬ್ದವು ಸಂಸ್ಕೃತವೋ ದೇಶ್ಯವೋ ಎಂಬ ವಿವಾದದಲ್ಲಿಯೇ ಶ್ರಮವೆಲ್ಲ ವ್ಯಯವಾದರೆ, ಅದು ಪರೀಕ್ಷಾಮಾರ್ಗವನ್ನು ತೋರುವುದೋ ಮರೆಸುವುದೋ ಎಂಬ ಮುಖ್ಯಪ್ರಶ್ನೆಯು ಹಿಂದೆ ಬೀಳುತ್ತದೆ.

೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಲ್ಲಿ ಹೊರಡಿಸಿದ ‘ವಿಜ್ಞಾನ’ ಪತ್ರಿಕೆಯು ಎರಡು ವರ್ಷ ಮಾತ್ರ ನಡೆದರೂ ಈ ವಿಚಾರದಲ್ಲಿ ಸ್ಮರಣೀಯವಾದುದು. ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರು. ೧೯೩೧ರ ಪರಿಷತ್ತಿನ ಪಂಪಭಾರತಕ್ಕೆ ಸಂಪಾದಕರೂ ಅವರೇ. ಈ ಎರಡು ಕೆಲಸಗಳೂ ಒಬ್ಬರಲ್ಲಿ ಕೂಡಿದುದು ಅಸಂಗತವಲ್ಲ. ಪ್ರತಿಗಳ ಆಧಾರವಿಲ್ಲದೆ ಕೇವಲ ರುಚಿಗೆ ಹಿತವಾದ ಪಾಠವನ್ನು ಅಂಗೀಕರಿಸಬಾರದೆಂಬ ಗ್ರಂಥಸಂಪಾದನೆಯ ನಿಯಮವು ಪ್ರಯೋಗಶಾಲೆಯ ನಿಯಮಕ್ಕೆ ಒಡಹುಟ್ಟಿದುದೇ ಆಗಿದೆ.

ಈಗ ಪಾಠಪುಸ್ತಕಗಳಲ್ಲಿ ರೂಢವಾಗಿರುವ ಕೆಲವು ಶಬ್ದಗಳನ್ನು ನೋಡಬಹುದು. ‘ಸಿದ್ಧಾಂತ’ವೆಂದರೆ ಪೂರ್ವಪಕ್ಷವನ್ನು ನಿರಾಕರಿಸಿ ನಿಲ್ಲಿಸಿದ ಕೊನೆಯ ನಿರ್ಣಯ. ವಿಜ್ಞಾನಿಯ ಸಿದ್ಧಾಂತವಾದರೋ ವಿರುದ್ಧವಾದ ಪ್ರಮಾಣವು ದೊರೆತೊಡನೆ ತಿದ್ದುಪಡಿಗೆ ಒಳಗಾಗತಕ್ಕದ್ದು. ‘ಪ್ರಯೋಗ’ವೆಂದೊಡನೆ ವ್ಯಾಕರಣದ ಕರ್ಮಣಿಪ್ರಯೋಗವೂ ನಾಟಕದ ಪ್ರಯೋಗವೂ ನೆನಪಿಗೆ ಬರುತ್ತವೆ, ಪ್ರಕೃತಿಯನ್ನು ಉದ್ದೇಶಪೂರ್ವಕವಾಗಿ ಪ್ರಶ್ನಿಸುವುದೆಂಬ ಅರ್ಥವು ಹೊಸದಾಗಿ ಸೇರಿದುದು. ‘ಪ್ರಾಕ್ಕಲ್ಪನೆ’ಯು ಉಚ್ಚಾರಕ್ಕೆ ಕಠಿನವಾದರೂ, ಪರೀಕ್ಷೆಗೆ ಮೊದಲು ಮಾಡಿದ ಊಹೆಯೆಂಬ ಕ್ರಮವನ್ನು ತನ್ನೊಳಗೇ ಹೇಳುವುದರಿಂದ ಮೆಚ್ಚತಕ್ಕ ಶಬ್ದ.

ಹಾಗಾದರೆ ದೇಶ್ಯಶಬ್ದಗಳೆಲ್ಲ ನಿರ್ದುಷ್ಟವೆ? ೧೯೫೬ಕ್ಕೆ ಮೊದಲು ಮದರಾಸಿನ ಆಡಳಿತದಲ್ಲಿದ್ದ ಕೊಳ್ಳೇಗಾಲದ ಸೀಮೆಯು, ಅಂದರೆ ಮುಳ್ಳೂರು ಮೊದಲಾದ ಗ್ರಾಮಗಳುಳ್ಳ ಪ್ರದೇಶವು, ರೇಷ್ಮೆಗೆ ಹೆಸರಾದುದು. ರೇಷ್ಮೆಕೃಷಿಕರ ಮಾತಿನಲ್ಲಿ ಹುಳು ಸತ್ತು ಬೆಳ್ಳಗೆ ಬಿರುಸಾಗುವುದು ‘ಸುಣ್ಣಕಟ್ಟು’. ಹಾಲಿನಂತಹ ರಸ ಒಸರುವುದು ‘ಹಾಲುರೋಗ’. ಇವು ಲಕ್ಷಣವನ್ನೇ ನುಡಿಯುವ ಶಬ್ದಗಳು. ಯಾರು ಬೇಕಾದರೂ ಕಣ್ಣಿಂದ ಪರೀಕ್ಷಿಸಬಹುದು. ಆದರೆ ಹುಳು ಮೇವು ಬಿಟ್ಟು ನಿಶ್ಚಲವಾಗಿದ್ದು ಪೊರೆ ಕಳಚುವುದನ್ನು ಅದೇ ಜನರು ‘ಜ್ವರ’ವೆನ್ನುತ್ತಾರೆ. ನಾಲ್ಕು ಸಲ ಬರುವ ಈ ಅವಸ್ಥೆಯು ರೋಗವಲ್ಲ, ಬೆಳವಣಿಗೆಯ ಧರ್ಮ. ಆದುದರಿಂದ ದೇಶ್ಯವೆಂಬ ಮಾತ್ರಕ್ಕೆ ಶಬ್ದವು ಶುದ್ಧವೆನ್ನುವುದೂ ಸಾಧುವಲ್ಲ.

ಪರೀಕ್ಷಾಮಾರ್ಗದ ಸ್ವರೂಪಕ್ಕೂ ರೇಷ್ಮೆಯಲ್ಲಿಯೇ ಉತ್ತಮ ನಿದರ್ಶನವಿದೆ. ಕನ್ನಡದಲ್ಲಿ ‘ಗಂಟುರೋಗ’ವೆನ್ನುವ ವ್ಯಾಧಿಯು ಫ್ರಾನ್ಸಿನ ರೇಷ್ಮೆಯನ್ನು ಹಾಳುಮಾಡುತ್ತಿದ್ದಾಗ ೧೮೬೫ರಲ್ಲಿ ಲೂಯಿ ಪಾಸ್ತರನು ಅದರ ವಿಚಾರಣೆಗೆ ತೊಡಗಿದನು. ರೋಗಿಹುಳುಗಳಲ್ಲಿ ಕಾಣುವ ಸೂಕ್ಷ್ಮಕಣಗಳು ರೋಗದ ಕಾರ್ಯವೇ ಹೊರತು ಕಾರಣವಲ್ಲವೆಂದು ಅವನು ಮೊದಲು ಊಹಿಸಿದನು. ಪರೀಕ್ಷೆಗಳು ಪ್ರತಿಕೂಲವಾಗಲು ಆ ಊಹೆಯನ್ನು ಬಿಟ್ಟನು. ಮೊಟ್ಟೆಯಿಟ್ಟ ಚಿಟ್ಟೆಯನ್ನು ನೀರಿನಲ್ಲಿ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಣಗಳು ಕಂಡರೆ ಅದರ ಮೊಟ್ಟೆಗಳನ್ನು ನಾಶಮಾಡಬೇಕೆಂಬ ಅವನ ವಿಧಾನವು ಇಂದಿಗೂ ಬಿತ್ತನೆಮೊಟ್ಟೆಯ ತಯಾರಿಕೆಗೆ ತಳಹದಿ.

ಇದನ್ನು ನ್ಯಾಯಶಾಸ್ತ್ರದ ಮಾತಿನಲ್ಲಿ ಹೇಳುವುದು ಕಷ್ಟವಲ್ಲ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆನ್ನಲಾಗದು, ಹಸಿ ಸೌದೆಯೆಂಬ ಉಪಾಧಿಯು ನಡುವೆ ಇದೆ. ಕಣಗಳಿಗೂ ರೋಗಕ್ಕೂ ಇರುವ ವ್ಯಾಪ್ತಿಯಲ್ಲಿ ಸೊಪ್ಪು, ಹವೆ, ಸಾಕಣೆ ಇವು ಉಪಾಧಿಗಳೋ ಎಂದು ಶೋಧಿಸುವುದೇ ವಿಜ್ಞಾನಿಯ ಕೆಲಸ. ಹೀಗೆಂದ ಮಾತ್ರಕ್ಕೆ ಎಲ್ಲವೂ ಪ್ರಾಚೀನರಲ್ಲಿ ಇತ್ತೆಂದು ಹಿಗ್ಗಲಾಗದು. ನೈಯಾಯಿಕರು ಪದೇಪದೇ ಕಂಡುದನ್ನು, ಎಂದರೆ ಭೂಯೋದರ್ಶನವನ್ನು, ನೆಚ್ಚಿದರು. ವಿಜ್ಞಾನಿಯು ಕಾಣುವ ಸಂದರ್ಭವನ್ನು ತಾನೇ ನಿರ್ಮಿಸಿ, ಒಂದೊಂದು ಉಪಾಧಿಯನ್ನೂ ಕೈಯಾರೆ ತೆಗೆದು ನೋಡುತ್ತಾನೆ. ಈ ಭೇದವನ್ನು ಮರೆಸುವ ಪರಿಭಾಷೆಯು ಎಷ್ಟು ಲಲಿತವಾದರೂ ದುಷ್ಟವೇ.

ಆದುದರಿಂದ ಅಧ್ಯಾಪಕರು ಶಬ್ದಕ್ಕೆ ಪರ್ಯಾಯಶಬ್ದವನ್ನು ಬಾಯಿಪಾಠ ಮಾಡಿಸಿದರೆ ಸಾಲದು. ಯಾವುದನ್ನು ಕಂಡರೆ ಈ ಮಾತು ಸುಳ್ಳಾಗುವುದೆಂದು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗೆ ಕಲಿಸಬೇಕು. ಆ ಪ್ರಶ್ನೆಗೆ ಎಡೆಗೊಡುವ ಶಬ್ದವು ಯಾವ ಭಾಷೆಯಿಂದ ಬಂದರೂ ಗ್ರಾಹ್ಯ. ಎಡೆಗೊಡದ ಶಬ್ದವು ಯಾವ ಕೋಶದಲ್ಲಿದ್ದರೂ ತ್ಯಾಜ್ಯ.