ಕಂಪೈಲರ್ ದುರಸ್ತಿಯ ಕುಶಲತೆ

ಲೋಸಾನ್‌ನಲ್ಲಿ ಮಾರ್ಟಿನ್ ಒಡೆರ್‌ಸ್ಕಿ ರೂಪಿಸಿದ ಸ್ಕಾಲಾ ಭಾಷೆಯಲ್ಲಿ, ಚಾಮರಾಜನಗರ ಜಿಲ್ಲೆಯೊಳಗೆ ಗುಂಡ್ಲುಪೇಟೆ ತಾಲ್ಲೂಕು ಇರುವಂತೆ, ಒಂದೇ ಪ್ರತಿಯಿರುವ ಘಟಕವಾದ ಆಬ್ಜೆಕ್ಟ್ ಮತ್ತೊಂದು ಆಬ್ಜೆಕ್ಟಿನೊಳಗೆ, ಅಥವಾ ಹಲವು ಕ್ಲಾಸುಗಳು ಹಂಚಿಕೊಳ್ಳುವ ಗುಣಗಳ ಕಟ್ಟಾದ ಟ್ರೇಟ್‌ನೊಳಗೆ ಅಡಕವಾಗಿರಬಹುದು. 2016ರ 2.12 ಆವೃತ್ತಿಯಿಂದ, ಪ್ರೋಗ್ರಾಮನ್ನು ಓಡಿಸಬಲ್ಲ ರೂಪಕ್ಕೆ ಅನುವಾದಿಸುವ ಕಂಪೈಲರಿನ ಕೈಯಲ್ಲಿ ಟ್ರೇಟ್ ನೇರವಾಗಿ ಜಾವಾ ಭಾಷೆಯ ಇಂಟರ್‌ಫೇಸ್ ಆಗಿ ಮಾರ್ಪಡುತ್ತದೆ. ಇಂಟರ್‌ಫೇಸಿನಲ್ಲಿ ಬದಲಾಗುವ ಮೌಲ್ಯವನ್ನು ಇರಿಸಲು ಜಾಗವಿಲ್ಲದ್ದರಿಂದ, ಒಳಗಿನ ಆಬ್ಜೆಕ್ಟನ್ನು ಕಾದಿಡುವ ಕೋಶವನ್ನು ಆ ಟ್ರೇಟನ್ನು ಬೆರೆಸಿಕೊಂಡ ಕ್ಲಾಸಿನಲ್ಲಿ ಕಂಪೈಲರ್ ತಾನೇ ಹುಟ್ಟಿಸಬೇಕಾಗುತ್ತದೆ. ಯಾವುದು ಯಾವುದರೊಳಗಿನದು ಎಂಬ ದಾಖಲೆ ಈ ಮಾರ್ಪಾಡಿನ ನಡುವೆ ತಪ್ಪಿದರೆ, ಪ್ರೋಗ್ರಾಂ ಸರಿಯಿದ್ದರೂ ಕಂಪೈಲರೇ ಕುಸಿಯುತ್ತದೆ. ಆಗ ಕುಸಿದ ಜಾಗಕ್ಕೆ ತೇಪೆ ಹಚ್ಚದೆ, ದೊಡ್ಡ ಪ್ರೋಗ್ರಾಮನ್ನು ಕುಸಿತ ಮಾತ್ರ ಉಳಿಯುವಂತೆ ಐದಾರು ಸಾಲಿಗೆ ಇಳಿಸಿ, ಕಂಪೈಲರಿನ ಪ್ರತಿ ಹಂತದಲ್ಲೂ ಅದು ತಳೆಯುವ ರೂಪವನ್ನು ಮುದ್ರಿಸಿ ನೋಡಿ, ದಾಖಲೆ ಕೆಟ್ಟ ಹಂತವನ್ನೇ ತಿದ್ದುವ ತಾಳ್ಮೆ ನಿಜಕ್ಕೂ ಗೌರವಾರ್ಹವಾದುದು. ಆ ಐದಾರು ಸಾಲುಗಳು ಮುಂದೆ ಕಾಯಂ ಪರೀಕ್ಷೆಯಾಗಿ ಉಳಿಯುತ್ತವೆ.