ಬಣ್ಣಕ್ಕಿಂತ ತೂತು ಮುಖ್ಯ

ಈಗೀಗ ಪೆಟ್ ಶಾಪ್‌ಗಳಲ್ಲಿ ನಾಯಿ ಆಟಿಕೆಯ ಗೋಡೆ ದರ್ಶಿನಿಯ ಮೆನು ಬೋರ್ಡಿನ ಹಾಗೆ ಕಾಣುತ್ತದೆ. ಸಮೋಸ, ದೋಸೆ, ಪಿಜ್ಜಾ, ಟೀ ಲೋಟ. ಎಲ್ಲವೂ ಮೆತ್ತನೆ ಬಟ್ಟೆಯವು, ಒಳಗೆ ಹತ್ತಿ, ಹತ್ತಿಯ ನಡುವೆ ಒಂದು ಪೀಪಿ. ಫೋಟೊಗೆ ಚೆನ್ನಾಗಿರುತ್ತದೆ, ಯಾರು ಬೇಡವೆಂದರು? ಆದರೆ ನಾಯಿಗೆ ಅದು ಸಮೋಸವಲ್ಲ, ಕಚ್ಚಿದಾಗ ಕೀಚ್ ಅನ್ನುವ ಯಾವುದೋ ಪ್ರಾಣಿ. ಆ ಸದ್ದು ನಿಲ್ಲುವವರೆಗೆ ಅದನ್ನು ಹರಿಯುವುದೇ ಆಟ. ಟೆರಿಯರ್ ಜಾತಿಯವಾದರೆ ಸಂಜೆಯೊಳಗೆ ಹಾಲ್ ತುಂಬ ಹತ್ತಿ. ಪೀಪಿ ಮಾತ್ರ ಕಾಣಿಸದಿದ್ದರೆ ನೇರ ಡಾಕ್ಟರ ಹತ್ತಿರ ಹೋಗುವುದೇ ಸರಿ.

ಬಣ್ಣವೂ ಅಷ್ಟೇ, ದುಡ್ಡು ಕೊಡುವವರ ಕಣ್ಣಿಗಾಗಿ. ನಾಯಿಗೆ ನೀಲಿ, ಹಳದಿ ಚೆನ್ನಾಗಿ ಗೊತ್ತಾಗುತ್ತವೆ. ಹಸಿರು ಹುಲ್ಲಿನ ಮೇಲೆ ಬಿದ್ದ ಕೆಂಪು ಚೆಂಡು ಅದಕ್ಕೆ ಹೆಚ್ಚುಕಡಿಮೆ ಹುಲ್ಲಿನದೇ ಬಣ್ಣ. ಎಸೆದು ಆಡಿಸುವುದಾದರೆ ನೀಲಿ ರಬ್ಬರ್ ಚೆಂಡು ತನ್ನಿ. ಟೆನಿಸ್ ಚೆಂಡನ್ನು ದಿನವಿಡೀ ಬಾಯಲ್ಲಿಟ್ಟುಕೊಳ್ಳಲು ಬಿಡಬೇಡಿ, ಅದರ ನಾರಿಗೆ ಅಂಟಿದ ಮರಳು ಹಲ್ಲನ್ನು ಸವೆಸುತ್ತದೆ.

ಹೊಸ ಒಲವುಗಳಲ್ಲಿ ನಾನು ಮನಸಾರೆ ಮೆಚ್ಚುವುದು ದುಡಿಸಿ ಉಣಿಸುವ ಆಟಿಕೆಗಳನ್ನು. ಇವುಗಳಲ್ಲಿ ಹಳಬ ಕಾಂಗ್. 1970ರ ದಶಕದಲ್ಲಿ ಅಮೆರಿಕದ ಕೊಲೊರಾಡೊದ ಜೋ ಮಾರ್ಕ್‌ಹ್ಯಾಮ್ ತನ್ನ ಫೋಕ್ಸ್‌ವ್ಯಾಗನ್ ವ್ಯಾನ್ ರಿಪೇರಿ ಮಾಡುತ್ತಿದ್ದಾಗ, ಕಲ್ಲು ಕಡಿದು ಹಲ್ಲು ಹಾಳುಮಾಡಿಕೊಳ್ಳುತ್ತಿದ್ದ ಅವನ ಜರ್ಮನ್ ಶೆಫರ್ಡ್ ಫ್ರಿಟ್ಸ್, ಕಳಚಿಟ್ಟಿದ್ದ ಒಂದು ರಬ್ಬರ್ ಬಿಡಿಭಾಗಕ್ಕೆ ಮನಸೋತ. ಕಾಂಗ್‌ನ ಆಕಾರ ಬಂದದ್ದು ಅಲ್ಲಿಂದ. ಅದೂ ಕೆಂಪೇ, ಇರಲಿ ಬಿಡಿ, ಇಲ್ಲಿ ಕೆಲಸ ಮೂಗಿನದು. ಆಮೇಲೆ ಸ್ವೀಡನ್ನಿನ ನೀನಾ ಒಟ್ಟೊಸನ್ ಮುಚ್ಚಳ ಸರಿಸಿ ತಿಂಡಿ ಹುಡುಕುವ ಒಗಟಿನ ಹಲಗೆಗಳನ್ನು ತಂದಳು. ಮೂಸಿ ಹುಡುಕುವ ಚಾಪೆ, ನೆಕ್ಕುವ ಚಾಪೆ ಇತ್ತೀಚಿನವು. ಮಳೆಗಾಲದಲ್ಲಿ ವಾಕಿಂಗ್ ತಪ್ಪಿದ ದಿನ ಅಪಾರ್ಟ್‌ಮೆಂಟ್ ನಾಯಿಯ ಕಾಟ ತಡೆಯಲು ಇವುಗಳಷ್ಟು ಉಪಕಾರಿ ಬೇರೆ ಇಲ್ಲ.

ಕೊಳ್ಳುವಾಗ ತೂತು ಎಣಿಸಿ. ಒಂದೇ ತೂತಿನ ಟೊಳ್ಳು ಚೆಂಡಿನೊಳಗೆ ನಾಯಿ ನಾಲಿಗೆ ಹಾಕಿ ನೆಕ್ಕಿದರೆ ಒಳಗಿನ ಗಾಳಿ ಖಾಲಿಯಾಗಿ ನಾಲಿಗೆ ಸಿಕ್ಕಿಬೀಳಬಹುದು. ಊದಿಕೊಂಡ ನಾಲಿಗೆಯನ್ನು ಬಿಡಿಸುವುದು ಸುಲಭವಲ್ಲ. ಕಾಂಗ್‌ನ ತಲೆಯಲ್ಲಿ ಇನ್ನೊಂದು ಸಣ್ಣ ತೂತಿರುವುದು ಬಹಳ ಉಪಯೋಗದ್ದು. ತುಂಬುವ ಮೊದಲು ಆ ತೂತಿಗೆ ಒಂದು ಸ್ಟ್ರಾ ತೂರಿಸಿ. ಉಪ್ಪು ಹಾಕದ ರಾಗಿ ಮುದ್ದೆಯನ್ನು ಮೊಸರಿನಲ್ಲಿ ಹಿಸುಕಿ, ಬೇಯಿಸಿದ ಕ್ಯಾರೆಟ್ ಸೇರಿಸಿ, ಚಮಚದ ಹಿಡಿಯಿಂದ ಒತ್ತಿ ತುಂಬಿ. ರಾತ್ರಿ ಫ್ರೀಜರ್‌ನಲ್ಲಿಟ್ಟು ಬೆಳಿಗ್ಗೆ ಸ್ಟ್ರಾ ಎಳೆದರೆ ಗಾಳಿಯಾಡಲು ದಾರಿ ಆಯಿತು. ಪೀನಟ್ ಬಟರ್ ಸವರುವ ಮುನ್ನ ಡಬ್ಬಿಯ ಹಿಂಬದಿ ಓದಿ. ಕ್ಸೈಲಿಟಾಲ್ ಎಂದಿದ್ದರೆ ಮುಟ್ಟಬೇಡಿ, ಆ ಸಿಹಿ ನಾಯಿಗೆ ವಿಷ. ಒಣದ್ರಾಕ್ಷಿ, ಈರುಳ್ಳಿ ಕೂಡ ಬೇಡ.

ಅಗಿಯುವ ತಿಂಡಿಗಳಲ್ಲಿ ಸದ್ಯದ ಫ್ಯಾಶನ್ ಛುರ್ಪಿ. ಹಿಮಾಲಯದ ಜನ ಬಾಯಲ್ಲಿಟ್ಟುಕೊಂಡು ಚೀಪುವ ಗಟ್ಟಿ ಗಿಣ್ಣು ಅದು, ಯಾಕ್ ಮತ್ತು ಹಸುವಿನ ಹಾಲಿನದು. ನೇಪಾಳದಿಂದ ಅಮೆರಿಕದ ನಾಯಿಗಳಿಗೆ ರಫ್ತಾಗಿ, ಅಲ್ಲಿಯ ಪ್ಯಾಕೆಟ್ ನೋಡಿ ನಾವೂ ಕೊಳ್ಳತೊಡಗಿದೆವು. ರುಚಿಯ ಬಗ್ಗೆ ನಾಯಿಗಳದು ಒಮ್ಮತ. ನನ್ನ ತಕರಾರು ಅದರ ಗಡಸಿನ ಬಗ್ಗೆ. ಹೆಬ್ಬೆರಳಿನ ಉಗುರು ಊರಿದರೆ ಗುರುತು ಬೀಳದ ಯಾವ ವಸ್ತುವೂ ಹಲ್ಲು ಸೀಳಬಹುದು ಎನ್ನುತ್ತಾರೆ ಪಶುವೈದ್ಯರು. ಛುರ್ಪಿಯ ಎಷ್ಟೋ ತುಂಡುಗಳು ಈ ಪರೀಕ್ಷೆಯಲ್ಲಿ ಫೇಲ್.

ಮುಧೋಳ ಸಾಕಿದವರಿಗೆ ಮಾತ್ರ ಬೇರೆ ಲೆಕ್ಕ. ಅದು ಕಣ್ಣಲ್ಲಿ ಬೇಟೆಯಾಡುವ ನಾಯಿ. ದುಬಾರಿ ಮೂಸುವ ಚಾಪೆ ಹಾಸಿಕೊಟ್ಟರೆ ಅದರ ಮೇಲೇ ಮಲಗಿದರೂ ಮಲಗಿತು. ಅದಕ್ಕೆ ಬೇಕಾದದ್ದು ಓಡುವ ವಸ್ತು. ಫ್ಲರ್ಟ್ ಪೋಲ್ ಅಂತ ಅಂಗಡಿಯಲ್ಲಿ ಮಾರುವುದನ್ನು ಬಿದಿರು ಕೋಲು, ಹಗ್ಗ, ಹಳೆ ಟವೆಲ್‌ನಲ್ಲಿ ಮನೆಯಲ್ಲೇ ಮಾಡಬಹುದು. ಬಟ್ಟೆ ನೆಲದ ಮೇಲೇ ಹರಿದಾಡಲಿ, ಮರಿಯನ್ನು ಮೇಲಕ್ಕೆ ನೆಗೆಸಿದರೆ ಕೀಲಿಗೆ ಪೆಟ್ಟು.

ಮಕ್ಕಳ ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಆ ಆದೇಶ 14 ವರ್ಷದೊಳಗಿನ ಮಕ್ಕಳಿಗಾಗಿ ಮಾಡಿದ್ದು, ನಾಯಿಯ ಆಟಿಕೆ ಅದರೊಳಗೆ ಬರುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ನೀವೇ ಮೂಸಿ ನೋಡಿ, ಘಾಟು ಹೊಡೆದರೆ ಬಿಟ್ಟುಬಿಡಿ. ಒದ್ದೆ ಕರ್ಚೀಫಿನಿಂದ ಉಜ್ಜಿ, ಬಣ್ಣ ಬಿಟ್ಟರೆ ಅದೂ ಬೇಡ. ಅರಗಿನ ಬಣ್ಣವಲ್ಲವೇ ಎಂದು ಮಗುವಿನ ಚನ್ನಪಟ್ಟಣದ ಗೊಂಬೆಯನ್ನು ನಾಯಿಗೆ ಕೊಡುವವರಿದ್ದಾರೆ. ಬಣ್ಣಕ್ಕೆ ಹೆದರಬೇಕಿಲ್ಲ, ಒಪ್ಪಿದೆ. ಲ್ಯಾಬ್ರಡಾರ್ ದವಡೆಗೆ ಸಿಕ್ಕಿ ಮರ ಸೀಳಿದರೆ ಒಸಡಿಗೆ ನಾಟುವುದು ಸಿಬಿರು.