ರೆಬೆಕ್ಕಾ: 'ಅವರೋ' 'ಅವಳೋ'? ಒಂಟಿ ಮನೆಯ ಕಾದಂಬರಿಯೊಂದರ ಗಡಿನಾಡ ಓದು

ಡ್ಯಾಫ್ನಿ ಡು ಮಾರಿಯೇ ಅವರ 'ರೆಬೆಕ್ಕಾ' (1938) ಬಗ್ಗೆ ಮಾತಾಡ್ತೇನೆ. ಗಡಿನಾಡ ಕನ್ನಡದ ಗೋಷ್ಠಿಯಲ್ಲಿ ಇಂಗ್ಲಿಷ್ ಥ್ರಿಲ್ಲರ್ ಯಾಕೆ ಅಂತ ಅನಿಸಬಹುದು. ಎಂ.ಎ. ತರಗತಿಯ ಅನುವಾದದ ಅಭ್ಯಾಸಕ್ಕೆ ಇದರ ಕೆಲವು ಭಾಗಗಳನ್ನು ಕನ್ನಡಕ್ಕೆ ತಂದಿದ್ದೆ. 'ಸರ್ವನಾಮ ಏಕರೂಪವಾಗಿಲ್ಲ' ಅಂತ ಕೆಂಪು ಶಾಯಿಯಲ್ಲಿ ಬರೆದು ಅಂಕ ಕಳೆದರು. ಆ ತಪ್ಪನ್ನು ಸಮರ್ಥಿಸಿಕೊಳ್ಳುವುದಕ್ಕೇ ಈ ಪ್ರಬಂಧ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಸಿರಿವಂತ ಹೆಂಗಸೊಬ್ಬಳ ಜೊತೆಗಾತಿಯಾಗಿ ಸಂಬಳಕ್ಕಿದ್ದ ಹುಡುಗಿ ಮಾಂಟೆ ಕಾರ್ಲೋದಲ್ಲಿ ಮ್ಯಾಕ್ಸಿಮ್ ಡಿ ವಿಂಟರ್ ಎಂಬ ವಿಧುರನ ಕೈಹಿಡಿದು, ಇಂಗ್ಲೆಂಡಿನ ಕಡಲ ತೀರದ ಮ್ಯಾಂಡರ್ಲೆ ಬಂಗಲೆಗೆ ಬರುತ್ತಾಳೆ. ಅಲ್ಲಿ ಸತ್ತುಹೋದ ಮೊದಲ ಹೆಂಡತಿ ರೆಬೆಕ್ಕಾಳದೇ ಆಳ್ವಿಕೆ. ಅದನ್ನು ನಡೆಸುವವಳು ಮನೆವಾರ್ತೆಯ ಮಿಸೆಸ್ ಡ್ಯಾನ್ವರ್ಸ್. ಕಥೆ ಹೇಳುವ ಹುಡುಗಿಯ ಹೆಸರು ಕೊನೆತನಕ ನಮಗೆ ಗೊತ್ತಾಗುವುದಿಲ್ಲ.

ಒಂಟಿ ಮನೆಯ ಕಥೆ ಅಂದರೆ ಭಯ ಆ ಒಂಟಿತನದಲ್ಲೇ ಉಂಟು ಅಂತ ಅಂದುಕೊಳ್ತೇವೆ. ಆದರೆ ಕಾಸರಗೋಡಿನ ಅಡಿಕೆ ತೋಟದ ನಡುವೆ ಬೆಳೆದ ನನಗೆ ಮ್ಯಾಂಡರ್ಲೆಯ ಉದ್ದದ ಕಾಡುದಾರಿ ಹೆದರಿಕೆ ಹುಟ್ಟಿಸಲಿಲ್ಲ. ನಮ್ಮಲ್ಲಿ ಅವರವರ ತೋಟದೊಳಗೆ ಅವರವರ ಮನೆ. ಪಕ್ಕದ ಮನೆಗೆ ಹೋಗಲು ಸಂಕ ದಾಟಬೇಕು. ನಾನು ಬೆಚ್ಚಿದ್ದು ಬೇರೆ ಕಡೆ. ಹುಡುಗಿ ಬಂದ ಹೊಸತರಲ್ಲಿ ಮನೆಯೊಳಗಿನ ಫೋನು ಬಡಿದುಕೊಳ್ಳುತ್ತದೆ. ಆ ಕಡೆಯಿಂದ ಮಿಸೆಸ್ ಡಿ ವಿಂಟರ್ ಬೇಕು ಅನ್ನುತ್ತಾರೆ. ಅವರು ತೀರಿಕೊಂಡು ವರ್ಷದ ಮೇಲಾಯಿತು ಎಂದುಬಿಡುತ್ತಾಳೆ ಈಕೆ. ಈಗ ಮಿಸೆಸ್ ಡಿ ವಿಂಟರ್ ತಾನೇ ಎಂಬುದು ಹೊಳೆಯುವುದು ಆಮೇಲೆ.

ಇಲ್ಲಿ ನಾನು 'ಅವರು' ಎಂದು ಬರೆದೆ. ಇಂಗ್ಲಿಷಿನ 'ಶೀ'ಗೆ ಮರ್ಯಾದೆಯ ಹಂಗಿಲ್ಲ. ಕನ್ನಡದಲ್ಲಿ ಕ್ರಿಯಾಪದವೂ ಗುಟ್ಟು ಬಿಟ್ಟುಕೊಡುತ್ತದೆ; ಬಂದಳೋ ಬಂದರೋ, ಹೇಳಲೇಬೇಕು. ಮಲಯಾಳದಲ್ಲಾದರೆ ಬರೇ 'ವನ್ನು' ಅಂದರೆ ಸಾಕು, ಬಂದದ್ದು ಯಾರೂ ಆಗಬಹುದು. (ನಮ್ಮ ಪತ್ತೇದಾರಿ ಕಾದಂಬರಿಗಳಲ್ಲಿ ಕತ್ತಲಲ್ಲಿ ಸುಳಿಯುವವರು ಯಾಕೆ ಯಾವಾಗಲೂ 'ಆಕೃತಿ' ಅಂತ ನನಗೆ ಆಗ ಅರ್ಥವಾಯ್ತು.)

ರೆಬೆಕ್ಕಾಳ ದೋಣಿ ಸಿಕ್ಕಿದ ಮೇಲೆ ಮ್ಯಾಕ್ಸಿಮ್ ಒಪ್ಪಿಕೊಳ್ಳುತ್ತಾನೆ: ತಾನು ಅವಳನ್ನು ದ್ವೇಷಿಸುತ್ತಿದ್ದೆ, ಕೊಂದದ್ದೂ ತಾನೇ. ಅಲ್ಲಿಂದ ಹುಡುಗಿಯ ಮಾತಿನಲ್ಲೂ ನನ್ನ ಪೆನ್ನು ತಾನಾಗಿ 'ಅವಳು' ಎಂದು ಬರೆಯತೊಡಗಿತು. ಕೆಂಪು ಶಾಯಿ ಬಿದ್ದದ್ದು ಇಲ್ಲಿ. ಕೊಲೆಯ ಸುದ್ದಿ ಕೇಳಿದ ಹುಡುಗಿಗೆ ಮುಖ್ಯವಾಗುವುದು ಒಂದೇ, ಅವನು ಮೊದಲ ಹೆಂಡತಿಯನ್ನು ಪ್ರೀತಿಸಿರಲಿಲ್ಲ ಎಂಬುದು. ಓದುವ ನಮಗೂ ನಿರಾಳ. ಆ ನಿರಾಳದಲ್ಲಿ ನಾವು ಕೊಲೆಗಾರನ ಪಕ್ಷ ಸೇರಿಯಾಗಿರುತ್ತದೆ. ಇಂಗ್ಲಿಷಿನಲ್ಲಿ ಓದುವಾಗ ನನಗಿದು ಗೊತ್ತೇ ಆಗಿರಲಿಲ್ಲ. ಬಹುವಚನ ಕೈಬಿಟ್ಟಾಗ ಸಿಕ್ಕಿಬಿದ್ದೆ. 1940ರ ಹಿಚ್‌ಕಾಕ್ ಸಿನಿಮಾದಲ್ಲಿ ಸಾವನ್ನು ಆಕಸ್ಮಿಕ ಮಾಡಿದ್ದಾರೆ. ನೋಡುವವರಿಗೆ ಪಾಪದಲ್ಲಿ ಪಾಲಿಲ್ಲ. ನನಗೆ ಕಾದಂಬರಿಯೇ ಮೇಲು.

ಆದರೆ ಡ್ಯಾನ್ವರ್ಸ್ ರೆಬೆಕ್ಕಾಳನ್ನು ಚಿಕ್ಕಂದಿನಿಂದ ಬಲ್ಲವಳು. ಅವಳ ಬಾಯಲ್ಲೂ 'ಅವಳು' ಬರಬಹುದು, ಮಮತೆಯಿಂದ. ಹಾಗಾಗಿ 'ಏಕರೂಪ' ಮಾಡುವುದು ಹೇಗೆ ಹೇಳಿ!

ನನ್ನ ಚಿಕ್ಕಮ್ಮನದ್ದು ಎರಡನೇ ಸಂಬಂಧ. ತಾವು ನೋಡಿಯೇ ಇಲ್ಲದ ಮೊದಲಿನವರನ್ನು ಅವರು 'ಅಕ್ಕ' ಅನ್ನುತ್ತಾರೆ. 'ಅಕ್ಕ ಉಪ್ಪಿನಕಾಯಿಗೆ ಹೀಗೆ ಮಾಡ್ತಿದ್ದರಂತೆ.' ಮ್ಯಾಂಡರ್ಲೆಯ ಹುಡುಗಿಗೆ ಅಂಥದೊಂದು ಶಬ್ದವಿಲ್ಲ, ಅದಕ್ಕೇ ಅವಳಿಗೆ ಅಷ್ಟು ಭಯ ಅಂತ ಈ ಪ್ರಬಂಧದ ಮೊದಲ ಕರಡಿನಲ್ಲಿ ಬರೆದಿದ್ದೆ. ಮೊನ್ನೆ ಚಿಕ್ಕಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಕ್ಕ ಅಂದ ಕೂಡಲೇ ಹೆದರಿಕೆ ಹೋಗ್ತದೆ ಅಂತ ನಿನಗೆ ಯಾರು ಹೇಳಿದ್ದು?' ಅಂದರು. ಆ ವಾಕ್ಯ ಹೊಡೆದುಹಾಕಿದ್ದೇನೆ.

ಇನ್ನು ಕಿಟಕಿಯ ದೃಶ್ಯ. ಡ್ಯಾನ್ವರ್ಸ್ ಹುಡುಗಿಯನ್ನು ತೆರೆದ ಕಿಟಕಿಯ ಬಳಿ ನಿಲ್ಲಿಸಿ, ಹಾರಿ ಸಾಯಲು ಮೆಲ್ಲನೆ ಪುಸಲಾಯಿಸುತ್ತಾಳೆ. ಅಲ್ಲಿಯ 'ಯೂ' ಏನಾಗಬೇಕು? 'ನೀನು' ಅಂದರೆ ಸಿಟ್ಟು ಹೊರಬಿದ್ದು ಭಯ ತಗ್ಗುತ್ತದೆ. ಮರ್ಯಾದೆ ಕೊಟ್ಟೇ ಸಾಯಲು ಹೇಳುವುದು ಹೆಚ್ಚು ಭೀಕರ ಅಂತ ನನಗೆ ಕಾಣ್ತದೆ. ಸದ್ಯಕ್ಕೆ 'ನೀವು' ಅಂತ ಇಟ್ಟಿದ್ದೇನೆ, ಪೆನ್ಸಿಲಿನಲ್ಲಿ.